ಪ್ರವೇಶ ನಿಯಂತ್ರಣ ವಿಧಾನಗಳು

ಕಂಪ್ಯೂಟರಿನಲ್ಲಿರುವ ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ತೀರ್ಮಾನಿಸುವ ವ್ಯವಸ್ಥೆಯೇ ಪ್ರವೇಶ ನಿಯಂತ್ರಣ. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸತೊಡಗಿದ 1960ರ ದಶಕದಲ್ಲಿ ಇದರ ಅಗತ್ಯ ತಲೆದೋರಿತು. ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಬಳಕೆದಾರರಿಗೆ ಪಾಸ್‌ವರ್ಡ್ ಕೊಟ್ಟಿತು. ಆದರೆ ಪಾಸ್‌ವರ್ಡ್ ಬಂದವರು ಯಾರೆಂದಷ್ಟೇ ಹೇಳುತ್ತದೆ. ಬಂದವರು ಏನು ಮಾಡಬಹುದೆಂದು ಹೇಳುವುದಿಲ್ಲ. ಅದಕ್ಕಾಗಿ ಮಲ್ಟಿಕ್ಸ್ ವ್ಯವಸ್ಥೆ ಪ್ರತಿ ಕಡತಕ್ಕೂ ಒಂದು ಅನುಮತಿ ಪಟ್ಟಿ ಜೋಡಿಸಿತು. 1966ರಲ್ಲಿ ಜ್ಯಾಕ್ ಡೆನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ ಬೇರೆ ದಾರಿ ತೋರಿಸಿದರು: ಪಟ್ಟಿ ಬೇಡ, ಖೋಟಾ ಸೃಷ್ಟಿಸಲಾಗದ ಹಕ್ಕುಪತ್ರವನ್ನು ಪ್ರೋಗ್ರಾಮಿನ ವಶಕ್ಕೇ ಕೊಡೋಣ. ಇದಕ್ಕೆ ಕೇಪಬಿಲಿಟಿ ಎಂದು ಹೆಸರು.

ಇವೆರಡರ ನಂಟು ಬಟ್ಲರ್ ಲ್ಯಾಂಪ್ಸನ್ 1971ರಲ್ಲಿ ಮಂಡಿಸಿದ ಕೋಷ್ಟಕದಲ್ಲಿ ಸ್ಪಷ್ಟವಾಗುತ್ತದೆ. ಅಡ್ಡಸಾಲಿಗೊಬ್ಬ ಬಳಕೆದಾರ, ಕಂಬಸಾಲಿಗೊಂದು ಕಡತ. ಕಂಬಸಾಲನ್ನು ಕತ್ತರಿಸಿಟ್ಟರೆ ಅನುಮತಿ ಪಟ್ಟಿ, ಅಡ್ಡಸಾಲನ್ನು ಕತ್ತರಿಸಿಟ್ಟರೆ ಕೇಪಬಿಲಿಟಿ. ಪಟ್ಟಿಯಿದ್ದಲ್ಲಿ ಒಂದು ಕಡತ ಯಾರಿಗೆಲ್ಲ ಸಿಗುತ್ತದೆಂದು ತಿಳಿಯುವುದು ಸುಲಭ. ಒಬ್ಬನ ಕೈ ಎಲ್ಲೆಲ್ಲಿಗೆ ಚಾಚಿದೆಯೆಂದು ತಿಳಿಯಲು ಕಡತಗಳನ್ನೆಲ್ಲ ತಡಕಬೇಕು.

ಯೂನಿಕ್ಸ್ ಈ ಪಟ್ಟಿಯನ್ನು ಒಡೆಯ, ಗುಂಪು, ಇತರರು ಎಂದು 9 ಬಿಟ್‌ಗಳಿಗೆ ಇಳಿಸಿತು. ಅನುಮತಿ ಕೊಡುವುದು ಒಡೆಯನ ಇಚ್ಛೆ. ಇದರ ಕೊರತೆ ಗಂಭೀರವಾದದ್ದು: ಒಡೆಯ ನಂಬಿ ಚಲಾಯಿಸಿದ ಟ್ರೋಜನ್ ಎಂಬ ಕಪಟ ಪ್ರೋಗ್ರಾಮಿಗೆ ಅವನ ಅಧಿಕಾರವೆಲ್ಲ ದಕ್ಕುತ್ತದೆ. ಒಂದು ಹಕ್ಕು ಮುಂದೆಂದಾದರೂ ಸಲ್ಲದವರಿಗೆ ಸೋರೀತೇ ಎಂದು ಎಲ್ಲ ವ್ಯವಸ್ಥೆಗಳಿಗೂ ಅನ್ವಯಿಸಿ ಲೆಕ್ಕಹಾಕಬಲ್ಲ ಆಲ್ಗರಿದಮ್ ಇರಲಾರದೆಂದು ಹ್ಯಾರಿಸನ್, ರುಝೋ, ಉಲ್ಮನ್ 1976ರಲ್ಲಿ ಸಾಧಿಸಿದರು. ಈ ಇತಿಹಾಸದಲ್ಲಿ ಇದಕ್ಕಿಂತ ತೂಕದ ಫಲಿತಾಂಶ ಇನ್ನೊಂದಿಲ್ಲ.

ಸೇನೆಗೆ ಒಡೆಯನ ಇಚ್ಛೆ ಸಾಲದು. ಅಮೆರಿಕದ ವಾಯುಪಡೆಗಾಗಿ ಬೆಲ್ ಮತ್ತು ಲಾಪಡುಲಾ 1973ರಿಂದ ರೂಪಿಸಿದ ಮಾದರಿಯಲ್ಲಿ ಕೆಳದರ್ಜೆಯವರು ಮೇಲಿನ ರಹಸ್ಯ ಓದುವಂತಿಲ್ಲ, ಮೇಲ್ದರ್ಜೆಯವರು ಕೆಳಗಿನ ಕಡತಕ್ಕೆ ಬರೆಯುವಂತಿಲ್ಲ. ಈ ಎರಡನೆಯ ನಿಯಮವೇ ಟ್ರೋಜನ್ ಮಾಹಿತಿಯನ್ನು ಕೆಳಗೆ ಸಾಗಿಸದಂತೆ ತಡೆಯುವುದು. ಕಡ್ಡಾಯ ನಿಯಂತ್ರಣವೆಂಬ ಈ ಬಗೆ 2000ದಲ್ಲಿ ಬಿಡುಗಡೆಯಾದ ಎಸ್‌ಇಲಿನಕ್ಸ್ ಮೂಲಕ ಸಾಮಾನ್ಯ ಯಂತ್ರಗಳಿಗೂ ಬಂತು.

ಕಚೇರಿಗಳ ಸಮಸ್ಯೆಯೇ ಬೇರೆ. ಅಲ್ಲಿ ಜನ ಬದಲಾಗುತ್ತಾರೆ, ಹುದ್ದೆ ಉಳಿಯುತ್ತದೆ. 1992ರಲ್ಲಿ ಫೆರಾಯೊಲೊ ಮತ್ತು ಕೂನ್ ಅನುಮತಿಯನ್ನು ವ್ಯಕ್ತಿಗಲ್ಲ, ಪಾತ್ರಕ್ಕೆ ಕೊಡುವ ಕ್ರಮವನ್ನು ನಿರೂಪಿಸಿದರು. 2004ರಲ್ಲಿ ಅದು ಅಮೆರಿಕದ ಮಾನಕವಾಯಿತು. ಸಮಯ, ಸ್ಥಳ, ಇಲಾಖೆಯಂಥ ಗುಣಗಳನ್ನೂ ತೂಗುವ ವಿಧಾನ ಬಳಿಕ ಬೆಳೆಯಿತು.

ಇಂದು ಇವು ಒಟ್ಟೊಟ್ಟಿಗೇ ಬಳಕೆಯಲ್ಲಿವೆ. ಆಂಡ್ರಾಯ್ಡ್ ಫೋನು ಪ್ರತಿ ಆ್ಯಪನ್ನೂ ಬೇರೆ ಬೇರೆ ಯೂನಿಕ್ಸ್ ಬಳಕೆದಾರನಂತೆ ನಡೆಸುತ್ತದೆ, ಮೇಲೆ ಎಸ್‌ಇಲಿನಕ್ಸ್‌ನ ಕಡ್ಡಾಯ ನಿಯಮ ಹೇರುತ್ತದೆ. ಕ್ಯಾಮೆರಾ ಬೇಕಾದಾಗ ಆ್ಯಪು ಫೋನಿನ ಒಡೆಯನನ್ನು ಕೇಳಬೇಕೆಂಬ ಕ್ರಮ 2015ರ 6ನೇ ಆವೃತ್ತಿಯಿಂದ ಸೇರಿದೆ.