ಮಗ್ಗದೂರಿನ ಒಣ ಕಸದ ಕೇಂದ್ರ: ನೆಲ, ಸೂರು, ನೂಲಿನ ಧೂಳು

2011ರ ಜನಗಣತಿಯಂತೆ ರಬಕವಿ-ಬನಹಟ್ಟಿಯ ಜನಸಂಖ್ಯೆ ಸುಮಾರು 77 ಸಾವಿರ. ಸಣ್ಣ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 200ರಿಂದ 300 ಗ್ರಾಂ ಕಸ ಎಂಬ ರೂಢಿಯ ಲೆಕ್ಕ ಹಿಡಿದರೆ, ಊರಿನಲ್ಲಿ ದಿನಕ್ಕೆ 15ರಿಂದ 23 ಟನ್ ಕಸ. ಇದು ಅಂದಾಜು, ಕಾಟಾದ ಮೇಲೆ ತೂಗಿದ ಅಂಕಿಯಲ್ಲ. ಏನನ್ನೇ ಕಟ್ಟುವ ಮೊದಲು ಒಂದು ವಾರವಾದರೂ ತೂಗಿ ನೋಡಬೇಕು. ಕಬ್ಬಿನ ಸೀಮೆಯಲ್ಲಿ ಕಾಟಾಕ್ಕೇನೂ ಬರವಿಲ್ಲ.

ಈ ಕಸಕ್ಕೆ ಯಾವ ಬಗೆಯ ಕೇಂದ್ರ ಬೇಕು? ಕಸ ವರ್ಗಾವಣೆ ಕೇಂದ್ರವೆಂದರೆ ಓಣಿಗಳಿಂದ ಬಂದ ಕಸವನ್ನು ಮುಚ್ಚಿದ ದೊಡ್ಡ ವಾಹನಕ್ಕೆ ತುಂಬಿ ದೂರ ಸಾಗಿಸುವ ಜಾಗ. ದಾರಿ ದೂರವಿದ್ದಾಗ ಮಾತ್ರ ಅದರ ಖರ್ಚು ಗಿಟ್ಟುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಸೇರಿ ಒಂದೇ ಭೂಭರ್ತಿ ಜಾಗ ಮಾಡಿಕೊಂಡರೆ ಆಗ ಅದರ ಮಾತು. ಸದ್ಯ ಬೇಕಿರುವುದು ಒಣ ಕಸ ವಿಂಗಡಿಸುವ ಕೇಂದ್ರ. ದಿನಕ್ಕೆ 5 ಟನ್ನಿಗಿಂತ ಹೆಚ್ಚು ಕಸ ಸಂಸ್ಕರಿಸುವ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಪತ್ರ ಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಆದ್ದರಿಂದ ನಕ್ಷೆ ಬರೆಯುವಾಗಲೇ ಆರೋಗ್ಯದ ಷರತ್ತುಗಳು ಅದರೊಳಗೆ ಕೂತಿರಬೇಕು.

ಮೊದಲ ಷರತ್ತು ನೆಲದ್ದು. ಈ ಸೀಮೆಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ತೆಳು ಕಾಂಕ್ರೀಟ್ ಹಾಕಿದರೆ ಕೆಲವೇ ವರ್ಷಗಳಲ್ಲಿ ಸೀಳು ಬಿಡುತ್ತದೆ, ಕಸದ ರಸ ಆ ಸೀಳಿನಿಂದ ಮಣ್ಣಿಗಿಳಿಯುತ್ತದೆ. ಎರೆ ಮಣ್ಣು ತೆಗೆದು ಗರಸು ತುಂಬಿ, ದಮ್ಮಸು ಮಾಡಿ, ಕಬ್ಬಿಣದ ಜಾಲರಿ ಇಟ್ಟ ಕಾಂಕ್ರೀಟ್ ಹಾಕಿ, ಇಳಿಜಾರನ್ನು ಮೋರಿಗೆ ಕೊಡಬೇಕು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಇಂಥದೇ ಕೇಂದ್ರವಿದೆ. ಅಲ್ಲಿನ ನಕ್ಷೆಯನ್ನು ಹಾಗೆಯೇ ಇಲ್ಲಿಗೆ ತರಲಾಗದು: ಅದು ಜಂಬಿಟ್ಟಿಗೆಯ ನೆಲ, ಇದು ಎರೆ ನೆಲ.

ಎರಡನೆಯದು ಸೂರು. ಮಳೆ ಕಡಿಮೆಯ ಸೀಮೆ ಎಂದು ಕಸವನ್ನು ಬಯಲಿಗೆ ಬಿಡುವುದು ಲೆಕ್ಕಕ್ಕೆ ನಿಲ್ಲದ ಉಳಿತಾಯ. 1,000 ಚದರ ಮೀಟರ್ ಅಂಗಳದ ಮೇಲೆ 50 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್ ನೀರು. ಕಸ ಮುಟ್ಟಿದ ಅಷ್ಟೂ ನೀರನ್ನು ಹಳ್ಳಕ್ಕೆ ಬಿಡುವ ಮುನ್ನ ಅದರ ಬಿ.ಓ.ಡಿ.ಯನ್ನು (ನೀರಿನಲ್ಲಿರುವ ಕೊಳೆಯುವ ವಸ್ತುವಿನ ಅಳತೆ) ಲೀಟರಿಗೆ 30 ಮಿಲಿಗ್ರಾಮಿಗೆ ಇಳಿಸಬೇಕು. ಅದಕ್ಕೆ ಹೋಲಿಸಿದರೆ ತಗಡಿನ ಸೂರು ಅಗ್ಗ. ನೆರೆಯ ನೀರೂ ಕಸ ಮುಟ್ಟದಂತೆ, 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದ ಮಟ್ಟವನ್ನು ನೋಡಿಯೇ ಜಾಗವನ್ನೂ ಆರಿಸಬೇಕು.

ಹಾಲ್ ಎಷ್ಟು ದೊಡ್ಡದಿರಬೇಕು? ದಿನಕ್ಕೆ 5 ಟನ್ ಒಣ ಕಸ, ಘನ ಮೀಟರಿಗೆ 100 ಕೆ.ಜಿ., ರಾಶಿಯ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 33 ಚದರ ಮೀಟರ್ ಜಾಗ ಹಿಡಿಯುತ್ತದೆ. ಡೆಂಗಿ ಹರಡುವ ಸೊಳ್ಳೆ ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವಷ್ಟಕ್ಕೆ ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಹಾಗಾಗಿ ಡಬ್ಬ, ಟೈರು, ತೆಂಗಿನ ಚಿಪ್ಪು ಆರು ದಿನ ಮೀರಿ ಅಲ್ಲಿ ಉಳಿಯಬಾರದು. ಆರು ದಿನಕ್ಕೆ ರಾಶಿಯ ಜಾಗವೇ 200 ಚದರ ಮೀಟರ್. ವಿಂಗಡಣೆಯ ಮೇಜು, ಓಡಾಟದ ದಾರಿ ಬೇರೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಮಗ್ಗಗಳ ಕಸ. ತುಂಡು ನೂಲು, ಚಿಂದಿ, ಮಗ್ಗದ ಕೆಳಗೆ ಕೂತ ಅರಳೆ ಧೂಳು ಮನೆಯ ಕಸದೊಡನೆ ಬೆರೆತು ಕೇಂದ್ರಕ್ಕೆ ಬಂದರೆ ಅವನ್ನು ಕೊಡವಿ ಬೇರ್ಪಡಿಸುವ ಹೆಣ್ಣುಮಕ್ಕಳ ಶ್ವಾಸಕ್ಕೇ ಹೋಗುತ್ತವೆ. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲೇ ಇತ್ತು. ಅದೇ ಧೂಳು ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ನೂಲಿನ ಕಸ ಮಗ್ಗದ ಮನೆಯಿಂದಲೇ ಬೇರೆ ಚೀಲದಲ್ಲಿ ಬರಬೇಕು; ಕೇಂದ್ರದಲ್ಲಿ ಅದಕ್ಕೆ ಗೋಡೆ ಕಟ್ಟಿದ ಪ್ರತ್ಯೇಕ ಕೋಣೆ, ಹೊರಗೆಳೆಯುವ ಫ್ಯಾನ್ ಬೇಕು. ಕೈಗವಸು, ಮಾಸ್ಕ್, ಪಾದರಕ್ಷೆಗಳನ್ನು ಕೊಡಬೇಕೆಂದು 2016ರ ನಿಯಮಗಳೇ ಹೇಳಿದ್ದವು. ನನ್ನ ಮಟ್ಟಿಗೆ ಸ್ನಾನದ ಕೋಣೆಯೂ ಅಷ್ಟೇ ಅಗತ್ಯ: ಧೂಳು ಹೊತ್ತ ಸೀರೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವಂತಾಗಬಾರದು.

ಟೆಂಡರಿನಲ್ಲಿ ಕನ್ವೇಯರ್, ಬೇಲಿಂಗ್ ಯಂತ್ರಗಳ ಹೆಸರುಗಳು ಮೊದಲು ಕಾಣಿಸಿಕೊಳ್ಳುತ್ತವೆ. ನಗರಸಭೆಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಬನಹಟ್ಟಿಯ ಟೆಂಡರಿನ ಮೊದಲ ಮೂರು ಸಾಲುಗಳು ನೆಲ, ಸೂರು, ನೂಲಿನ ಕೋಣೆ ಆಗಿರಲಿ.