ಮೊದಲು ಯಾರು ಏಳಬೇಕು?

ಸರ್ವರ್ ಕೆಟ್ಟು ನಿಲ್ಲುವುದು ಒಂದು ತೊಂದರೆ. ಏನೂ ಕೆಡದೆ, ರೀಬೂಟ್ ಆದ ಮೇಲೆ ಅದರೊಳಗಿನ ಒಂದು ಅಪ್ಲಿಕೇಶನ್ ಮಾತ್ರ ಏಳದೆ ಹೋಗುವುದು ಬೇರೆಯೇ ತೊಂದರೆ. ತಿಂಗಳುಗಟ್ಟಲೆ ತಕರಾರಿಲ್ಲದೆ ಓಡಿದ ಪ್ರೋಗ್ರಾಂ ಅದು. ಕರ್ನಲ್ ಅಪ್‌ಡೇಟ್‌ಗೆಂದು ಯಂತ್ರವನ್ನು ರೀಬೂಟ್ ಮಾಡುತ್ತಾರೆ. ಯಂತ್ರ ಏಳುತ್ತದೆ, ಲಾಗಿನ್ ಆಗುತ್ತದೆ, ಡಿಸ್ಕ್ ಸರಿಯಿರುತ್ತದೆ, ಅಪ್ಲಿಕೇಶನ್ ಮಾತ್ರ ಕಾಣೆ. ಅಡ್ಮಿನ್ ಕೈಯಾರೆ ಕಮಾಂಡ್ ಕೊಟ್ಟರೆ ಮರುಕ್ಷಣವೇ ಎದ್ದು ಕೂರುತ್ತದೆ. ಅದೇ ಪ್ರೋಗ್ರಾಂ, ಅದೇ ಡಿಸ್ಕ್, ಅದೇ ಸೆಟ್ಟಿಂಗ್. ಬೇರೆಯಾಗಿದ್ದು ಮೂರೇ ಸಂಗತಿ: ಎಬ್ಬಿಸಿದವರು ಯಾರು, ಎಬ್ಬಿಸಿದ್ದು ಯಾವಾಗ, ಆ ಹೊತ್ತಿಗೆ ಅಕ್ಕಪಕ್ಕದಲ್ಲಿ ಇನ್ನಾರು ಎದ್ದಿದ್ದರು. ಹಾಗಾಗಿ ಪ್ರೋಗ್ರಾಂ ಬರೆದವರನ್ನು ಬೈಯುವುದು ಬಹಳ ಸಲ ವ್ಯರ್ಥ. ತಪ್ಪು ಇರುವುದು ಎಬ್ಬಿಸುವ ಏರ್ಪಾಡಿನಲ್ಲಿ, ಮತ್ತು ಆ ಏರ್ಪಾಡಿಗೆ ಐವತ್ತು ವರ್ಷ ಮೀರಿದ ಇತಿಹಾಸವಿದೆ. ಯಾವುದರ ನಂತರ ಯಾವುದು ಏಳಬೇಕು, ಏಳುವ ಮುನ್ನ ಏನೇನು ಸಿದ್ಧವಿರಬೇಕು ಎಂಬ ತಿಳಿವಳಿಕೆಯನ್ನು ಒಂದೊಂದು ಕಾಲ ಒಂದೊಂದು ಕಡೆ ಇಟ್ಟಿತು. ಇಟ್ಟ ಪ್ರತಿ ಜಾಗವೂ ತನ್ನದೇ ಆದ ಒಂದು ಬಗೆಯ ವೈಫಲ್ಯವನ್ನು ಹುಟ್ಟುಹಾಕಿತು. ಇಂದು ಏಳದ ಅಪ್ಲಿಕೇಶನ್ನಿನ ಕಾರಣ ಹುಡುಕುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಪದರಗಳನ್ನೇ ಒಂದೊಂದಾಗಿ ಬಿಡಿಸುತ್ತಿರುತ್ತಾರೆ.

ಮೊದಲ ಕಾಲದಲ್ಲಿ ಆ ತಿಳಿವಳಿಕೆ ಇದ್ದದ್ದು ಆಪರೇಟರ್‌ನ ತಲೆಯಲ್ಲಿ. ನ್ಯೂಜೆರ್ಸಿಯ ಮರ್ರೆ ಹಿಲ್‌ನ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕಟ್ಟಿದ ಯೂನಿಕ್ಸ್ 1979ರ ಏಳನೆಯ ಆವೃತ್ತಿಯ ಹೊತ್ತಿಗೆ ಹೇಗೆ ಏಳುತ್ತಿತ್ತು ಎಂಬುದನ್ನು ನೋಡಿ. ಪಿಡಿಪಿ-11 ಯಂತ್ರ ಬೂಟ್ ಆದೊಡನೆ ಎಲ್ಲರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಕನ್ಸೋಲ್ ಮುಂದೆ ಕೂತ ಒಬ್ಬರಿಗೆ ಮಾತ್ರ ಒಂದು ಶೆಲ್ ಸಿಗುತ್ತಿತ್ತು. ಅವರು ಡಿಸ್ಕಿನ ಕಡತವ್ಯವಸ್ಥೆ ನೆಟ್ಟಗಿದೆಯೇ ಎಂದು ಪರೀಕ್ಷಿಸಿ, ದಿನಾಂಕ ಮತ್ತು ಸಮಯವನ್ನು ಕೈಯಾರೆ ತುಂಬಿ, ಎಲ್ಲ ಸರಿ ಎನಿಸಿದ ಮೇಲೆ ಕಂಟ್ರೋಲ್-ಡಿ ಒತ್ತಬೇಕು. ಆಗ ಇನಿಟ್ ಎಂಬ ಒಂದನೆಯ ಪ್ರೋಸೆಸ್ ಆರ್‌ಸಿ ಎಂಬ ಚಿಕ್ಕ ಸ್ಕ್ರಿಪ್ಟನ್ನು ಓಡಿಸುತ್ತಿತ್ತು. ಆರ್‌ಸಿ ಮಾಡುತ್ತಿದ್ದದ್ದು ಇಷ್ಟೇ: ಉಳಿದ ಡಿಸ್ಕ್‌ಗಳನ್ನು ಜೋಡಿಸುವುದು, ಹಿಂದಿನ ಓಟದ ತಾತ್ಕಾಲಿಕ ಕಡತಗಳನ್ನು ಗುಡಿಸುವುದು, ಕ್ರಾನ್‌ನಂಥ ಒಂದೆರಡು ಡೀಮನ್‌ಗಳನ್ನು ಎಬ್ಬಿಸುವುದು. ಏಳುವ ವಿಧಿಯ ಕಷ್ಟದ ಭಾಗವೆಲ್ಲ, ಅಂದರೆ ಎಲ್ಲವೂ ಸಿದ್ಧವೇ ಎಂದು ತೀರ್ಮಾನಿಸುವ ಭಾಗವೆಲ್ಲ, ಮನುಷ್ಯನ ಪಾಲಿಗಿತ್ತು. ಈ ಏರ್ಪಾಡಿನಲ್ಲಿ ಅಪ್ಲಿಕೇಶನ್ ತಾನಾಗಿ ಏಳಲಿಲ್ಲ ಎಂಬ ದೂರಿಗೆ ಜಾಗವೇ ಇರಲಿಲ್ಲ. ತಾನಾಗಿ ಏಳಬೇಕೆಂದು ಯಾರೂ ನಿರೀಕ್ಷಿಸಿರಲಿಲ್ಲ.

ನಿರೀಕ್ಷೆ ಹುಟ್ಟಿದ್ದು ನೆಟ್‌ವರ್ಕ್ ಬಂದ ಮೇಲೆ. 1983ರ 4.2 ಬಿಎಸ್‌ಡಿ ಟಿಸಿಪಿ/ಐಪಿಯನ್ನು ಯೂನಿಕ್ಸ್‌ನೊಳಗೆ ತಂದಿತು. ಅದೇ ದಶಕದ ನಡುವೆ ಸನ್ ಕಂಪನಿಯ ಎನ್‌ಎಫ್‌ಎಸ್ ಬೇರೆ ಯಂತ್ರದ ಡಿಸ್ಕನ್ನು ನಮ್ಮದೇ ಎಂಬಂತೆ ಜೋಡಿಸಿಕೊಳ್ಳಲು ಬಿಟ್ಟಿತು. ಆರ್‌ಸಿ ಸ್ಕ್ರಿಪ್ಟ್ ಬೆಳೆಯಿತು, ಅದರ ಮಗ್ಗುಲಿಗೆ ಆಯಾ ಊರಿನ ಅಗತ್ಯಕ್ಕೆಂದು ಆರ್‌ಸಿ ಡಾಟ್ ಲೋಕಲ್ ಸೇರಿತು. ಈಗ ತಿಳಿವಳಿಕೆ ತಲೆಯಿಂದ ಇಳಿದು ಸಾಲುಗಳ ಕ್ರಮದಲ್ಲಿ ಕೂತಿತು: ಮೇಲಿನ ಸಾಲು ಮೊದಲು, ಕೆಳಗಿನದು ಆಮೇಲೆ. ಮೇಲಿನ ಒಂದು ಸಾಲು ಸಿಕ್ಕಿಹಾಕಿಕೊಂಡರೆ ಕೆಳಗಿನವೆಲ್ಲ ಕಾದು ಕೂರಬೇಕು. ಕರೆಂಟ್ ಹೋಗಿ ಬಂದಾಗ ಎನ್‌ಎಫ್‌ಎಸ್ ಸರ್ವರ್‌ಗಿಂತ ಮೊದಲು ಕ್ಲಯಂಟ್ ಎದ್ದರೆ ಅದರ ಬೂಟ್ ಅಲ್ಲೇ ನಿಂತುಬಿಡುತ್ತಿತ್ತು. ಎರಡು ಯಂತ್ರಗಳು ಪರಸ್ಪರರ ಡಿಸ್ಕ್ ಜೋಡಿಸಿಕೊಂಡಿದ್ದರೆ ಎರಡೂ ಒಂದರ ಮುಖ ಒಂದು ನೋಡುತ್ತ ನಿಲ್ಲುತ್ತಿದ್ದವು. ಹಿನ್ನೆಲೆಯಲ್ಲಿ ಪ್ರಯತ್ನ ಮುಂದುವರಿಸು, ಬೂಟನ್ನು ಮಾತ್ರ ತಡೆಯಬೇಡ ಎನ್ನುವ ಬಿಜಿ ಆಯ್ಕೆ ಎನ್‌ಎಫ್‌ಎಸ್ ಜೋಡಣೆಗೆ ಬಂದದ್ದು ಈ ಕಾರಣಕ್ಕೆ. ಕ್ರಮವೊಂದೇ ಸಾಲದು, ಕಾಯುವುದಕ್ಕೂ ಒಂದು ನೀತಿ ಬೇಕು ಎಂಬುದು ಆಗಲೇ ಬಯಲಾಗಿತ್ತು. ಅದನ್ನು ಪಾಠವಾಗಿ ಕಲಿಯಲು ಮಾತ್ರ ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಎಟಿ ಆಂಡ್ ಟಿಯ ಸಿಸ್ಟಮ್ ಫೈವ್ ವಂಶ ಬೇರೆ ದಾರಿ ಹಿಡಿಯಿತು. ಒಂದೇ ಉದ್ದದ ಕಡತದ ಬದಲು ಪ್ರತಿ ಸೇವೆಗೂ ಒಂದು ಸ್ಕ್ರಿಪ್ಟ್, ಪ್ರತಿ ರನ್‌ಲೆವೆಲ್‌ಗೂ ಒಂದು ಡೈರೆಕ್ಟರಿ, ಅದರಲ್ಲಿ ಎಸ್ ಅಥವಾ ಕೆ ಅಕ್ಷರ ಮತ್ತು ಎರಡಂಕಿಯ ಸಂಖ್ಯೆಯಿಂದ ಶುರುವಾಗುವ ಕೊಂಡಿಗಳು. ಎಸ್ ಇದ್ದರೆ ಎಬ್ಬಿಸು, ಕೆ ಇದ್ದರೆ ಮಲಗಿಸು, ಚಿಕ್ಕ ಸಂಖ್ಯೆ ಮೊದಲು. 1990ರ ದಶಕದಲ್ಲಿ ಮೀಕೆಲ್ ಫಾನ್ ಸ್ಮೋರೆನ್‌ಬರ್ಗ್ ಇದೇ ಮಾದರಿಯ ಇನಿಟ್ ಅನ್ನು ಲಿನಕ್ಸ್‌ಗೆ ಬರೆದರು. ರೆಡ್ ಹ್ಯಾಟ್, ಡೆಬಿಯನ್ ಎರಡೂ ಅದನ್ನು ಒಪ್ಪಿಕೊಂಡವು. ಪ್ಯಾಕೇಜ್ ಹಾಕುವವರಿಗೆ ಇದು ವರದಾನ: ಇನ್ನೊಬ್ಬರ ಕಡತ ತಿದ್ದದೆ ತಮ್ಮ ಸ್ಕ್ರಿಪ್ಟನ್ನು ಸೇರಿಸಬಹುದು. ಆದರೆ ಸಂಖ್ಯೆ ಕ್ರಮವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಡೇಟಾಬೇಸ್‌ಗೆ 64, ವೆಬ್ ಸರ್ವರ್‌ಗೆ 85 ಎಂದಿದ್ದರೆ ಎರಡನೆಯದಕ್ಕೆ ಮೊದಲನೆಯದು ನಿಜವಾಗಿ ಬೇಕೋ, ಅಥವಾ ಯಾರೋ ಖಾಲಿ ಕಂಡ ಅಂಕಿ ಹಾಕಿದರೋ ತಿಳಿಯುವಂತಿಲ್ಲ. ಇನ್ನೂ ದೊಡ್ಡ ಮೋಸ ಒಂದಿತ್ತು. ಸ್ಕ್ರಿಪ್ಟ್ ಸೊನ್ನೆ ಹಿಂತಿರುಗಿಸಿದರೆ ಸೇವೆ ಎದ್ದಿತೆಂದು ಲೆಕ್ಕ. ಡೀಮನ್ ಹಿನ್ನೆಲೆಗೆ ಸರಿದು ಸ್ಕ್ರಿಪ್ಟ್ ಮುಗಿದಿದೆ, ಡೇಟಾಬೇಸ್ ಮಾತ್ರ ಹಿಂದಿನ ಅಪಘಾತದ ಲಾಗ್ ಓದಿ ಚೇತರಿಸಿಕೊಳ್ಳುತ್ತಲೇ ಇದೆ. ಅಷ್ಟರಲ್ಲಿ 85ನೆಯ ಸಂಖ್ಯೆಯವನು ಬಂದು ಬಾಗಿಲು ತಟ್ಟಿ, ಉತ್ತರ ಬಾರದೆ ಸತ್ತುಹೋಗುತ್ತಾನೆ. ಇದಕ್ಕೆ ಅಡ್ಮಿನ್‌ಗಳು ಕಂಡುಕೊಂಡ ಮದ್ದು ಸ್ಕ್ರಿಪ್ಟಿನ ನಡುವೆ ಸ್ಲೀಪ್ 10, ಸ್ಲೀಪ್ 30 ಎಂದು ಬರೆಯುವುದು. ಹಳೆಯ ಸರ್ವರ್‌ಗಳ ಸ್ಕ್ರಿಪ್ಟ್ ತೆರೆದರೆ ಈ ಸ್ಲೀಪ್‌ಗಳು ಇಂದಿಗೂ ಸಿಗುತ್ತವೆ, ಯಾಕೆ ಬರೆದರೆಂಬ ಟಿಪ್ಪಣಿ ಮಾತ್ರ ಸಿಗುವುದಿಲ್ಲ. ಡಿಸ್ಕ್ ದೊಡ್ಡದಾಗಿ, ಡೇಟಾಬೇಸ್ ಬೆಳೆದು, ಚೇತರಿಕೆಗೆ ನಲವತ್ತು ಸೆಕೆಂಡ್ ಬೇಕಾದ ದಿನ ಆ ಮೂವತ್ತರ ಅಂದಾಜು ಕೈಕೊಡುತ್ತದೆ.

ಕಾರಣವನ್ನೇ ಬರೆದಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಹಾಗೆ ಬರೆದಿಟ್ಟವರಿದ್ದರು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಪ್ರತಿ ಸೇವೆ ಯಾವ ಸೇವೆಗಳನ್ನು ಅವಲಂಬಿಸಿದೆ ಎಂಬುದನ್ನು ರಿಜಿಸ್ಟ್ರಿಯಲ್ಲಿ ದಾಖಲಿಸುತ್ತಿತ್ತು. 2000ದ ಕೊನೆಗೆ ಬಂದ ನೆಟ್‌ಬಿಎಸ್‌ಡಿ 1.5ರಲ್ಲಿ ಪ್ರತಿ ಸ್ಕ್ರಿಪ್ಟಿನ ತಲೆಯ ಮೇಲೆ ತಾನು ಏನು ಕೊಡುತ್ತೇನೆ, ತನಗೆ ಏನು ಬೇಕು ಎಂಬ ಸಾಲುಗಳು ಬಂದವು. ಆರ್‌ಸಿಆರ್ಡರ್ ಎಂಬ ಉಪಕರಣ ಅವನ್ನು ಓದಿ ಕ್ರಮವನ್ನು ತಾನೇ ಲೆಕ್ಕ ಹಾಕುತ್ತಿತ್ತು. ಡೆಬಿಯನ್ 2011ರ ತನ್ನ 6.0 ಆವೃತ್ತಿಯಲ್ಲಿ ಅಂಥದ್ದನ್ನೇ ರೂಢಿಯಾಗಿಸಿತು. ತೊಂದರೆ ತೀರಿತೇ? ಎಲ್ಲರ ಮನೆ ದೋಸೆಯೂ ತೂತೇ. ವಿಂಡೋಸ್‌ನಲ್ಲಿ ಸೇವೆಯೊಂದು 30 ಸೆಕೆಂಡ್‌ನೊಳಗೆ ಮ್ಯಾನೇಜರ್‌ಗೆ ಓಗೊಡದಿದ್ದರೆ ಅದು ಏಳಲಿಲ್ಲವೆಂದು 7009, 7000 ಸಂಖ್ಯೆಯ ದಾಖಲೆಗಳು ಈವೆಂಟ್ ಲಾಗ್ ಸೇರುತ್ತವೆ. ಬೂಟ್ ಆಗುವಾಗ ಡಿಸ್ಕ್ ಎಲ್ಲರಿಂದಲೂ ಎಳೆದಾಡಿಸಿಕೊಳ್ಳುವ ಹೊತ್ತಿನಲ್ಲಿ 30 ಸೆಕೆಂಡ್ ಕೆಲವಕ್ಕೆ ಸಾಲುವುದಿಲ್ಲ. ವಿಂಡೋಸ್ ವಿಸ್ಟಾ ತಡವಾದ ಆರಂಭ ಎಂಬ ಹೊಸ ಬಗೆಯನ್ನೇ ಸೇರಿಸಿತು. ಉಳಿದ ಸೇವೆಗಳೆಲ್ಲ ಎದ್ದ ಮೇಲೆ ರೂಢಿಯಲ್ಲಿ 120 ಸೆಕೆಂಡ್ ಬಿಟ್ಟು ಇವನ್ನು ಎಬ್ಬಿಸುವುದು ಅದರ ಕ್ರಮ. ಯೂನಿಕ್ಸ್ ಅಡ್ಮಿನ್‌ಗಳ ಸ್ಲೀಪ್ 30ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮರ್ಯಾದೆಯದಷ್ಟೇ.

2005ರ ನಂತರದ ಹತ್ತು ವರ್ಷ ಈ ಕ್ಷೇತ್ರದಲ್ಲಿ ಗಲಾಟೆಯ ಕಾಲ. ಆ ವರ್ಷವೇ ಸೋಲಾರಿಸ್ 10 ಎಸ್‌ಎಂಎಫ್ ಜೊತೆಗೂ, ಆಪಲ್‌ನ ಟೈಗರ್ ಲಾಂಚ್‌ಡಿ ಜೊತೆಗೂ ಬಂದವು. 2006ರಲ್ಲಿ ಉಬುಂಟು ಅಪ್‌ಸ್ಟಾರ್ಟ್ ತಂದಿತು. 2010ರಲ್ಲಿ ಲೆನ್ನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯನ್ನು ಮುಂದಿಟ್ಟರು. ಮರುವರ್ಷ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದನ್ನು ಅಪ್ಪಿಕೊಂಡವು. ಸಿಸ್ಟಮ್‌ಡಿಯ ಹೆಚ್ಚುಗಾರಿಕೆ, ಹಿಂದಿನವರು ಒಂದೇ ಎಂದುಕೊಂಡಿದ್ದ ಸಂಗತಿಗಳನ್ನು ಬಿಡಿಸಿ ಇಟ್ಟದ್ದು. ಒಂದರ ನಂತರ ಏಳು ಎಂಬುದಕ್ಕೆ ಆಫ್ಟರ್. ಅದಿಲ್ಲದೆ ಏಳಬೇಡ ಎಂಬುದಕ್ಕೆ ರಿಕ್ವೈರ್ಸ್. ಬರೀ ರಿಕ್ವೈರ್ಸ್ ಬರೆದರೆ ಎರಡೂ ಒಟ್ಟಿಗೆ ಏಳಲು ಹೊರಡುತ್ತವೆ. ಬರೀ ಆಫ್ಟರ್ ಬರೆದರೆ ಮೊದಲಿನದು ಏಳದೇ ಇದ್ದರೂ ಎರಡನೆಯದು ಏಳುತ್ತದೆ. ಇದನ್ನು ಅರಿಯದೆ ಎರಡರಲ್ಲಿ ಒಂದನ್ನು ಬರೆದು ನಿಶ್ಚಿಂತರಾದವರು ಅನೇಕರು. ಹಾಗೆಯೇ ನೆಟ್‌ವರ್ಕ್ ಟಾರ್ಗೆಟ್‌ನ ನಂತರ ಎಂದು ಬರೆದರೆ ನೆಟ್‌ವರ್ಕ್ ಸಿದ್ಧವಾದ ಮೇಲೆ ಎಂದರ್ಥವಲ್ಲ, ನೆಟ್‌ವರ್ಕ್ ನಿರ್ವಹಿಸುವ ಸಾಫ್ಟ್‌ವೇರ್ ಕೆಲಸ ಶುರುಮಾಡಿದೆ ಎಂದಷ್ಟೇ. ಐಪಿ ವಿಳಾಸ ಬಂದಿರಲೇಬೇಕಾದರೆ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್ ಬೇಕು. ನಿರ್ದಿಷ್ಟ ಐಪಿ ವಿಳಾಸಕ್ಕೆ ಅಂಟಿಕೊಳ್ಳುವ ಅಪ್ಲಿಕೇಶನ್ ಬೂಟ್‌ನಲ್ಲಿ ಸೋತು, ಅಡ್ಮಿನ್ ಕೈಯಲ್ಲಿ ಗೆಲ್ಲುವುದರ ಗುಟ್ಟು ಬಹಳ ಸಲ ಇದೇ. ಸ್ಟಾರ್ಟ್ ಮತ್ತು ಎನೇಬಲ್ ಬೇರೆಬೇರೆ ಎಂಬುದು ಇನ್ನೊಂದು: ಮೊದಲನೆಯದು ಈಗ ಎಬ್ಬಿಸುತ್ತದೆ, ಎರಡನೆಯದು ಮುಂದಿನ ಬೂಟ್‌ಗೆ ಹೆಸರು ಬರೆಸುತ್ತದೆ. ಇದೇ ಕಾಲದಲ್ಲಿ ರನ್ ಎಂಬ ಡೈರೆಕ್ಟರಿ ಡಿಸ್ಕಿನಿಂದ ಮೆಮೊರಿಗೆ ಬಂತು. ಇನ್‌ಸ್ಟಾಲ್ ಮಾಡುವಾಗ ಅದರೊಳಗೆ ತನಗೊಂದು ಡೈರೆಕ್ಟರಿ ಮಾಡಿಕೊಂಡು ಪಿಐಡಿ ಕಡತ ಇಡುತ್ತಿದ್ದ ಪ್ರೋಗ್ರಾಂಗೆ ಮೊದಲ ರೀಬೂಟ್‌ನಲ್ಲೇ ಆ ಡೈರೆಕ್ಟರಿ ಮಾಯ. ರನ್‌ಟೈಮ್‌ಡೈರೆಕ್ಟರಿ ಎಂಬ ಒಂದು ಸಾಲು ಸೇರಿಸುವುದು ಇದಕ್ಕೆ ಪರಿಹಾರ, ಆದರೆ ಆ ಸಾಲು ಬೇಕೆಂದು ಹೊಳೆಯಬೇಕಲ್ಲ.

ಇಷ್ಟು ಸೂಕ್ಷ್ಮಗಳನ್ನು ತಂದಿಟ್ಟ ವ್ಯವಸ್ಥೆಯೇ ರೋಗ ಎನ್ನುವವರಿದ್ದಾರೆ, ಅವರ ವಾದ ಹಗುರವಾದದ್ದಲ್ಲ. ಹಳೆಯ ಸ್ಕ್ರಿಪ್ಟನ್ನು ಯಾರು ಬೇಕಾದರೂ ಮೇಲಿನಿಂದ ಕೆಳಕ್ಕೆ ಓದಬಹುದಿತ್ತು, ಒಂದೊಂದು ಸಾಲನ್ನೂ ಕೈಯಾರೆ ಓಡಿಸಿ ಎಲ್ಲಿ ನಿಂತಿತೆಂದು ಕಾಣಬಹುದಿತ್ತು. ಈಗ ಎಲ್ಲವನ್ನೂ ಒಂದನೆಯ ಪ್ರೋಸೆಸ್‌ನ ಹೊಟ್ಟೆಯೊಳಗೆ ತುರುಕಿದ್ದಾರೆ ಎಂಬುದು ಅವರ ದೂರು. 2014ರ ಫೆಬ್ರವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿ ಈ ವಿಚಾರದಲ್ಲಿ ಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಬೇರೆಯಾಗಿ ಡೆವುವಾನ್ ಕಟ್ಟಿದರು. ಓದಬಹುದಾಗಿತ್ತು ಎಂಬುದು ನಿಜ. ಆದರೆ ಓದಿದ್ದರಲ್ಲಿ ತಿಳಿಯಬೇಕಾದದ್ದು ಇರಲಿಲ್ಲ. ಡೇಟಾಬೇಸ್ ಸಿದ್ಧವಾಯಿತೇ ಎಂಬ ಪ್ರಶ್ನೆ ಹಳೆಯ ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲ, ಅದರ ಜಾಗದಲ್ಲಿ ಒಂದು ಸ್ಲೀಪ್ ಇದೆ. ಸಿಸ್ಟಮ್‌ಡಿಯಲ್ಲಿ ಸೇವೆ ತಾನೇ ಸಿದ್ಧವಾದೆನೆಂದು ತಿಳಿಸುವ ನೋಟಿಫೈ ವಿಧಾನವಿದೆ, 2016ರ 9.6 ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅದಕ್ಕೆ ಬೆಂಬಲ ಕೊಡುತ್ತದೆ. ಹಳೆಯ ಸರಳತೆಯ ವೆಚ್ಚವನ್ನು ಭರಿಸುತ್ತಿದ್ದದ್ದು ಯಂತ್ರದ ಮುಂದೆ ಕೂತು ಕಾಯುತ್ತಿದ್ದ ಮನುಷ್ಯ. ಸಾವಿರಾರು ವರ್ಚುವಲ್ ಯಂತ್ರಗಳು ಯಾರೂ ನೋಡದ ಹೊತ್ತಿನಲ್ಲಿ ಏಳುವ ಕಾಲಕ್ಕೆ ಆ ಮನುಷ್ಯನನ್ನು ಎಲ್ಲಿಂದ ತರುವುದು?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಕ್ರಮದ ಗೊಡವೆಯೇ ಬೇಡ, ಬಿದ್ದವನು ಮತ್ತೆ ಏಳುವಂತೆ ಮಾಡಿದರೆ ಸಾಕು. 1990ರ ದಶಕದ ಕೊನೆಗೇ ಡಿ. ಜೆ. ಬರ್ನ್‌ಸ್ಟೀನ್ ತಮ್ಮ ಡೀಮನ್‌ಟೂಲ್ಸ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದರು; ಸೇವೆ ಸತ್ತರೆ ಅದರ ಕಾವಲುಗಾರ ಮತ್ತೆ ಎಬ್ಬಿಸುತ್ತಾನೆ. ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್ ಇದನ್ನೇ ಸಿದ್ಧಾಂತವಾಗಿಸಿತು. ಅಲ್ಲಿ ಬಿದ್ದ ಕಂಟೈನರ್ 10 ಸೆಕೆಂಡ್ ಬಿಟ್ಟು, ಆಮೇಲೆ 20, 40 ಎಂದು ದುಪ್ಪಟ್ಟು ಕಾಯುತ್ತ, ಹೆಚ್ಚೆಂದರೆ 5 ನಿಮಿಷದ ಅಂತರದಲ್ಲಿ ಮತ್ತೆ ಮತ್ತೆ ಯತ್ನಿಸುತ್ತದೆ. ಬಹುಪಾಲು ನಾನು ಈ ಪಕ್ಷದವನೇ. ನೆಟ್‌ವರ್ಕಿನ ಆಚೆ ಬೇರೆ ಯಂತ್ರದಲ್ಲಿರುವ ಡೇಟಾಬೇಸ್ ಯಾವಾಗ ಸಿದ್ಧವಾಗುತ್ತದೆಂದು ಈಚೆಯ ಯಾವ ಕ್ರಮಪಟ್ಟಿಯೂ ಹೇಳಲಾರದು. ಅಲ್ಲಿ ಮರುಯತ್ನವೊಂದೇ ದಾರಿ. ಆದರೆ ಮರುಯತ್ನಕ್ಕೂ ಸಂಖ್ಯೆಗಳಿವೆ, ಆ ಸಂಖ್ಯೆಗಳನ್ನು ಯಾರೂ ಓದುವುದಿಲ್ಲ. ಸಿಸ್ಟಮ್‌ಡಿಯಲ್ಲಿ ವೈಫಲ್ಯವಾದರೆ ಮತ್ತೆ ಎಬ್ಬಿಸು ಎಂದಷ್ಟೇ ಬರೆದು ಬಿಟ್ಟರೆ ರೂಢಿಯ ಪ್ರಕಾರ ಅದು ಕಾಯುವುದು 100 ಮಿಲಿಸೆಕೆಂಡ್. 10 ಸೆಕೆಂಡ್‌ನೊಳಗೆ 5 ಯತ್ನ ಮುಗಿದರೆ ಕೈಚೆಲ್ಲುತ್ತದೆ. ಡೇಟಾಬೇಸ್ ಏಳಲು 20 ಸೆಕೆಂಡ್ ಬೇಕಿದ್ದರೆ, ತಟ್ಟನೆ ಸಾಯುವ ಅಪ್ಲಿಕೇಶನ್ ಮೊದಲ ಒಂದೆರಡು ಸೆಕೆಂಡಿನಲ್ಲೇ ಐದೂ ಅವಕಾಶ ಕಳೆದುಕೊಂಡು ಕಾಯಂ ಮಲಗಿರುತ್ತದೆ. ಅರ್ಧ ಗಂಟೆ ಬಿಟ್ಟು ಬಂದ ಅಡ್ಮಿನ್ ಸ್ಟಾರ್ಟ್ ಎಂದೊಡನೆ ಎದ್ದುಬಿಡುತ್ತದೆ, ಅವರು ತಲೆ ಕೆರೆದುಕೊಳ್ಳುತ್ತಾರೆ. ರೀಸ್ಟಾರ್ಟ್‌ಸೆಕ್ ಎಂಬುದನ್ನು 5 ಅಥವಾ 10 ಸೆಕೆಂಡ್‌ಗೆ ಏರಿಸಿದರೆ ತೀರುವ ಕಾಯಿಲೆ ಇದು.

ಇದೆಲ್ಲದರ ಹಿಂದೆ ಒಂದು ಸಂಪ್ರದಾಯದ ಪಾತ್ರವೂ ಇದೆ. ಸರ್ವರ್ ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ ಎಂಬುದೇ ದೀರ್ಘಕಾಲ ಅಡ್ಮಿನ್‌ಗಳ ಹೆಮ್ಮೆಯಾಗಿತ್ತು, ಲಿನಕ್ಸ್ 2.4ರ ಕಾಲದಲ್ಲಿ ಆ ಎಣಿಕೆ 497 ದಿನ ದಾಟಿ ಸೊನ್ನೆಗೆ ಮರಳಿದಾಗ ನೊಂದುಕೊಂಡವರೂ ಇದ್ದರು. 497 ದಿನ ರೀಬೂಟ್ ಆಗದ ಯಂತ್ರವೆಂದರೆ 497 ದಿನ ಪರೀಕ್ಷೆಯಾಗದ ಬೂಟ್ ವ್ಯವಸ್ಥೆ. ಆ ಅವಧಿಯಲ್ಲಿ ಯಾರೋ ಕೈಯಾರೆ ಜೋಡಿಸಿದ ಡಿಸ್ಕ್, ಯಾರೋ ತಮ್ಮ ಶೆಲ್‌ನಲ್ಲಿ ಮಾತ್ರ ಬರೆದುಕೊಂಡ ಪಾತ್ ಸೆಟ್ಟಿಂಗ್, ಎನೇಬಲ್ ಮಾಡಲು ಮರೆತ ಸೇವೆ ಎಲ್ಲವೂ ಸದ್ದಿಲ್ಲದೆ ಗುಡ್ಡೆಬೀಳುತ್ತವೆ, ಒಂದೇ ರಾತ್ರಿ ಒಟ್ಟಿಗೆ ಎದುರು ನಿಲ್ಲುತ್ತವೆ. ನೆಟ್‌ಫ್ಲಿಕ್ಸ್ ತನ್ನ ಕೇಯಾಸ್ ಮಂಕಿಯಿಂದ ಓಡುತ್ತಿರುವ ಸರ್ವರ್‌ಗಳನ್ನು ಕೆಲಸದ ವೇಳೆಯಲ್ಲೇ ಬೇಕೆಂದು ಕೊಲ್ಲಿಸಿದ್ದನ್ನು ಅನೇಕರು ಹುಚ್ಚಾಟವೆಂದರು. ನನಗೆ ಅದು ಏಳನೆಯ ಆವೃತ್ತಿಯ ಆಪರೇಟರ್‌ನ ಪರೀಕ್ಷೆಗೆ ಸಿಕ್ಕ ತಕ್ಕ ವಾರಸುದಾರನಂತೆ ಕಾಣುತ್ತದೆ. ಅಷ್ಟು ದೂರ ಹೋಗದಿದ್ದರೂ ಅಡ್ಡಿಯಿಲ್ಲ. ಹೊಸ ಸೇವೆಯೊಂದನ್ನು ಸರ್ವರ್‌ಗೆ ಹಾಕಿದ ದಿನವೇ, ಹಾಕಿದವರು ಇನ್ನೂ ಕುರ್ಚಿಯಲ್ಲಿರುವಾಗಲೇ, ಆ ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ, ಕೈ ಹಾಕದೆ ಐದು ನಿಮಿಷ ಬಿಟ್ಟು, ಆ ಬೂಟ್‌ನ ಜರ್ನಲ್ ಓದಿ. ಆಗ ಏಳದಿದ್ದರೆ ಕಾರಣ ಬಲ್ಲವರು ಎದುರಿಗೇ ಇರುತ್ತಾರೆ.