ಮಿದುಳು-ಮೇರುದ್ರವದ ಶೋಧನೆ: ಒಂದು ಐತಿಹಾಸಿಕ ಅವಲೋಕನ

ತಲೆಬುರುಡೆಯೊಳಗಿನ ಮಿದುಳೂ ಬೆನ್ನೆಲುಬಿನ ನಾಳದೊಳಗಿನ ಮಿದುಳುಬಳ್ಳಿಯೂ ಬಣ್ಣವಿಲ್ಲದ, ತಿಳಿನೀರಿನಂಥ ದ್ರವವೊಂದರಿಂದ ಆವೃತವಾಗಿವೆ. ವಯಸ್ಕನಲ್ಲಿ ಇದರ ಪ್ರಮಾಣ ಸುಮಾರು 150 ಮಿಲಿಲೀಟರು; ಒಂದು ದಿನದಲ್ಲಿ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರು. ಎಂದರೆ ಇದು ದಿನಕ್ಕೆ ಮೂರು ನಾಲ್ಕು ಬಾರಿ ಹೊಸದಾಗುತ್ತದೆ. ಇಷ್ಟು ಹೇರಳವಾದ ವಸ್ತುವು ಶತಮಾನಗಳ ಕಾಲ ಅಂಗರಚನಾಶಾಸ್ತ್ರಜ್ಞರ ಲಕ್ಷ್ಯಕ್ಕೆ ಬಾರದೆ ಉಳಿದುದೇಕೆ? ಈ ಪ್ರಶ್ನೆಗೆ ದೊರೆಯುವ ಉತ್ತರವು ವೈದ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಸಂಶೋಧನೆಯಲ್ಲಿ ತೊಡಗಿದ ಎಲ್ಲರಿಗೂ ಬೋಧಪ್ರದವಾಗಿದೆ.

ರೋಗದಿಂದ ತಲೆಯಲ್ಲಿ ನೀರು ತುಂಬಿಕೊಳ್ಳುವುದು ಪ್ರಾಚೀನ ಗ್ರೀಕ್ ವೈದ್ಯರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಆರೋಗ್ಯವಂತನ ಮಿದುಳಿನ ಕುಹರಗಳಲ್ಲಿ ಚೈತನ್ಯರೂಪದ ವಾಯುವಿದೆಯೆಂದು ಕ್ರಿ. ಶ. 2ನೆಯ ಶತಮಾನದ ಗೇಲನನು ಬೋಧಿಸಿದನು. ಆತನ ಮಾತು ಸಾವಿರಕ್ಕೂ ಹೆಚ್ಚು ವರ್ಷ ಪ್ರಮಾಣವಾಗಿ ನಿಂತಿತು. 16ನೆಯ ಶತಮಾನದಲ್ಲಿ ವೆಸೇಲಿಯಸನು ಕುಹರಗಳಲ್ಲಿ ನೀರಿನಂಥ ದ್ರವವನ್ನು ಕಂಡನಾದರೂ, ಮಿದುಳು ಮತ್ತು ಮಿದುಳುಬಳ್ಳಿಗಳನ್ನು ಸುತ್ತುವರಿದ ದ್ರವದ ಕಲ್ಪನೆ ಆಗಿನ್ನೂ ಮೂಡಿರಲಿಲ್ಲ.

ಇದಕ್ಕೆ ಗೇಲನನ ಅಧಿಕಾರವೊಂದೇ ಕಾರಣವಲ್ಲ. ಶವಚ್ಛೇದನದ ಪದ್ಧತಿಯೂ ಕಾರಣವಾಗಿತ್ತು. ಮಿದುಳನ್ನು ಪರೀಕ್ಷಿಸುವವರು ಮೊದಲು ತಲೆಯನ್ನು ಮುಂಡದಿಂದ ಬೇರ್ಪಡಿಸುತ್ತಿದ್ದರು. ಆ ಕ್ಷಣದಲ್ಲಿಯೇ ದ್ರವವು ಹರಿದುಹೋಗಿ, ನೋಡುವವನ ಎದುರಿಗೆ ಬರಿದಾದ ಅವಕಾಶ ಮಾತ್ರ ಉಳಿಯುತ್ತಿತ್ತು. 1764ರಲ್ಲಿ ನೇಪಲ್ಸಿನ ಡೊಮೆನಿಕೊ ಕೊಟುನ್ಯೊ ಎಂಬ ತರುಣ ವೈದ್ಯನು ಸೊಂಟದಿಂದ ಕಾಲಿಗಿಳಿಯುವ ನರದ ಬೇನೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ತಲೆಯನ್ನು ಮುಟ್ಟುವ ಮೊದಲೇ ಸೊಂಟದ ಭಾಗದ ಬೆನ್ನೆಲುಬನ್ನು ತೆರೆದರೆ ನೀರು ಹೊರಚಿಮ್ಮುವುದೆಂದು ಆತನು ಅದರಲ್ಲಿ ತೋರಿಸಿದನು. ಆತನಲ್ಲಿ ಹೊಸ ಉಪಕರಣವಾವುದೂ ಇರಲಿಲ್ಲ. ಬದಲಾದುದು ಕೆಲಸದ ಕ್ರಮವೊಂದೇ. ಆದರೂ ಈ ಶೋಧನೆಗೆ ಅಂದು ತಕ್ಕ ಮನ್ನಣೆ ದೊರೆಯಲಿಲ್ಲ. 1825ರಿಂದ ಮುಂದೆ ಫ್ರಾನ್ಸಿನ ಮಜಾಂಡಿಯು ಜೀವಂತ ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಈ ದ್ರವವು ರೋಗದ ಫಲವಲ್ಲ, ದೇಹದ ಸಹಜ ಅಂಶವೆಂಬುದನ್ನು ಸ್ಥಾಪಿಸಿದನು. 1875ರಲ್ಲಿ ಸ್ವೀಡನ್ನಿನ ಕೀ ಮತ್ತು ರೆಟ್ಜಿಯಸ್ ಎಂಬ ವಿದ್ವಾಂಸರು ಬಣ್ಣದ ದ್ರವ್ಯವನ್ನು ಒಳಸೇರಿಸಿ ಅದರ ಸಂಚಾರಮಾರ್ಗವನ್ನು ಚಿತ್ರಿಸಿದರು.

ಜೀವಂತ ಮನುಷ್ಯನಿಂದ ಈ ದ್ರವವನ್ನು ತೆಗೆಯುವ ಕಾರ್ಯವು 1891ರಲ್ಲಿ ಎರಡು ಕಡೆಗಳಿಂದ ವರದಿಯಾಯಿತು. ಲಂಡನ್ನಿನ ವಿಂಟರನು ಕ್ಷಯದಿಂದ ಮಿದುಳುಪೊರೆಯ ಉರಿಯೂತಕ್ಕೊಳಗಾದ ನಾಲ್ವರು ರೋಗಿಗಳಲ್ಲಿ ಕೊಳವೆಯನ್ನಿಟ್ಟು ದ್ರವವನ್ನು ಹರಿಯಿಸಿದನು, ಅವರಾರೂ ಬದುಕಲಿಲ್ಲ. ಜರ್ಮನಿಯ ಕೀಲ್ ನಗರದ ಹೈನ್ರಿಖ್ ಕ್ವಿಂಕೆಯು ಚರ್ಮವನ್ನು ಕೊಯ್ಯದೆ, ಟೊಳ್ಳು ಸೂಜಿಯನ್ನು ಸೊಂಟದ ಕಶೇರುಗಳ ನಡುವೆ ಚುಚ್ಚಿ ದ್ರವವನ್ನು ತೆಗೆದುದಲ್ಲದೆ ಅದರ ಒತ್ತಡವನ್ನೂ ಅಳೆದನು. ವಯಸ್ಕರಲ್ಲಿ ಮಿದುಳುಬಳ್ಳಿಯು ಸಾಮಾನ್ಯವಾಗಿ ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲಿ ಮುಗಿಯುತ್ತದೆ. ಆದುದರಿಂದ ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಕಶೇರುಗಳ ನಡುವೆ ಸೂಜಿಯಿಟ್ಟರೆ ಅದಕ್ಕೆ ಘಾತವಾಗುವ ಸಂಭವವಿಲ್ಲ.

ಈ ಇಬ್ಬರ ಉದ್ದೇಶವೂ ಒತ್ತಡವನ್ನು ತಗ್ಗಿಸಿ ರೋಗಿಗೆ ಉಪಶಮನ ನೀಡುವುದಾಗಿತ್ತು. ಚಿಕಿತ್ಸೆಯಾಗಿ ಅದರಿಂದ ದೊರೆತ ಫಲ ಅಲ್ಪ. ಆದರೆ ಹೊರಬಂದ ಹನಿಗಳು ರೋಗನಿದಾನದ ಅಮೂಲ್ಯ ಸಾಧನವಾದುವು. ದ್ರವವು ಮಂಕಾಗಿ, ಬಿಳಿಯ ರಕ್ತಕಣಗಳು ಹೆಚ್ಚಿ, ಸಕ್ಕರೆಯ ಅಂಶ ಕುಗ್ಗಿದ್ದರೆ ರೋಗಾಣುಗಳಿಂದಾದ ಉರಿಯೂತವನ್ನು ಶಂಕಿಸಬೇಕಾಗುತ್ತದೆ.

ಇಂದಿನ ವಿಧಾನವು ಮೂಲತಃ ಕ್ವಿಂಕೆಯದೇ. ರೋಗಿಯು ಮೊಣಕಾಲುಗಳನ್ನು ಎದೆಯೆಡೆಗೆ ಮಡಿಸಿ ಮಗ್ಗುಲಾಗಿ ಮಲಗುತ್ತಾನೆ, ಇಲ್ಲವೆ ಬೆನ್ನು ಬಾಗಿಸಿ ಕುಳಿತಿರುತ್ತಾನೆ. ಚರ್ಮವನ್ನು ಶುದ್ಧಿಗೊಳಿಸಿ, ಅಲ್ಲಿ ಸ್ಪರ್ಶಜ್ಞಾನ ಇಲ್ಲದಂತೆ ಮಾಡಿ ಸೂಜಿಯನ್ನಿಡುತ್ತಾರೆ. ದ್ರವವನ್ನು ಎಳೆದು ತೆಗೆಯುವುದಿಲ್ಲ; ತಾನಾಗಿ ತೊಟ್ಟಿಕ್ಕುವ ಹನಿಗಳನ್ನು ಅನುಕ್ರಮ ಗುರುತಿಸಿದ ನಳಿಕೆಗಳಲ್ಲಿ ಹಿಡಿಯುತ್ತಾರೆ. ಈ ಅನುಕ್ರಮಕ್ಕೂ ಅರ್ಥವುಂಟು: ಮೊದಲ ನಳಿಕೆಯ ರಕ್ತದ ಕೆಂಪು ಮುಂದಿನವುಗಳಲ್ಲಿ ತಿಳಿಯಾಗುತ್ತ ಹೋದರೆ ಅದು ಬಹುಶಃ ಸೂಜಿಯ ಗಾಯದಿಂದ ಬಂದುದು, ಎಲ್ಲದರಲ್ಲಿಯೂ ಸಮನಾಗಿದ್ದರೆ ಒಳಗಣ ರಕ್ತಸ್ರಾವವನ್ನು ಶಂಕಿಸಬೇಕು.

ಈ ಕಾರ್ಯವು ಅಪಾಯರಹಿತವೆನ್ನುವಂತಿಲ್ಲ. ಮಿದುಳಿನಲ್ಲಿ ಗಡ್ಡೆ ಬೆಳೆದು ಒತ್ತಡ ಏರಿರುವಾಗ ಕೆಳಗಿನಿಂದ ದ್ರವವನ್ನು ತೆಗೆದರೆ ಮಿದುಳು ಕೆಳಜಾರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂಥ ಸಂದೇಹವಿದ್ದಲ್ಲಿ ಮೊದಲು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ. ದ್ರವ ಸೋರಿಕೆಯಿಂದ ಬರುವ ತಲೆನೋವನ್ನು 1898ರಲ್ಲಿ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬೀರನು ತನ್ನ ಮೇಲೆಯೇ ಪ್ರಯೋಗ ಮಾಡಿಸಿಕೊಂಡು ಅನುಭವದಿಂದ ವರ್ಣಿಸಿದನು.

ಮೇಲಿನ ವೃತ್ತಾಂತದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಿಂದಿನವರ ದೃಷ್ಟಿ ಮಂದವಾಗಿತ್ತೆಂದು ಹೇಳಲಾಗದು. ಅವರು ಹಿಡಿದ ವಿಧಾನವೇ ಕಾಣಬೇಕಾದುದನ್ನು ಮೊದಲು ಚೆಲ್ಲಿಬಿಡುತ್ತಿತ್ತು. ನಮ್ಮ ಪರೀಕ್ಷಾಕ್ರಮಗಳು ಏನನ್ನು ಚೆಲ್ಲುತ್ತಿವೆಯೆಂದು ಆಗಾಗ ಕೇಳಿಕೊಳ್ಳುವುದು ಪ್ರತಿಯೊಬ್ಬ ಸಂಶೋಧಕನ ಕರ್ತವ್ಯವಾಗಿದೆ.